ಮುಕ್ಕಾಲು ಇಂಚು

ಜನವರಿ 9

ಅಣ್ಣನಿಗೆ,

ಲಕೋಟೆಯ ಮೇಲಿನ ಅಕ್ಷರ ನೋಡಿಯೇ ಇದು ಯಾರ ಪತ್ರ ಎಂದು ನಿನಗೆ ಗೊತ್ತಾಗಿರುತ್ತದೆ. ಆದರೂ ತೆರೆದಿದ್ದೀಯ ಎಂದರೆ ಅರ್ಧ ಗೆದ್ದೆ ಎಂದುಕೊಳ್ಳುತ್ತೇನೆ. ಅಮ್ಮ ತೀರಿಕೊಂಡಾಗ ಬಂದು ಮೂರು ದಿನ ಇದ್ದೆ. ಆ ಮೂರು ದಿನದಲ್ಲಿ ನೀನು ನನ್ನ ಜೊತೆ ಆಡಿದ್ದು ನಾಲ್ಕೇ ಮಾತು, ಅದರಲ್ಲಿ ಎರಡು "ಊಟ ಆಯ್ತಾ" ಎಂಬುದು. ಅದಾಗಿಯೂ ಒಂಬತ್ತು ವರ್ಷವಾಯಿತು.

ನನಗೆ ಅರವತ್ತು ತುಂಬಿತು. ಇನ್ನೂರ ಹದಿನೇಳು ಸಿನಿಮಾ ಆಗಿವೆ. ಇಪ್ಪತ್ತೆರಡು ಸಲ ಡಾಕ್ಟರಾಗಿ "ನಮ್ಮ ಕೈಲಾದದ್ದೆಲ್ಲ ಮಾಡಿದ್ವಿ" ಎಂದಿದ್ದೇನೆ, ಒಬ್ಬರನ್ನೂ ಉಳಿಸಿಲ್ಲ. ನ್ಯಾಯಾಧೀಶನಾಗಿ ಹನ್ನೊಂದು ಜನಕ್ಕೆ ಶಿಕ್ಷೆ ಕೊಟ್ಟಿದ್ದೇನೆ, ಕಳ್ಳನಾಗಿ ಅದಕ್ಕಿಂತ ಹೆಚ್ಚು ಸಲ ಶಿಕ್ಷೆ ಅನುಭವಿಸಿದ್ದೇನೆ. ಒಂದು ಸಿನಿಮಾದಲ್ಲಿ ಆರು ದಿನ ಹೆಣವಾಗಿ ಮಲಗಿದ್ದೆ. ಬಹಳ ಸಹಜವಾಗಿತ್ತು ಎಂದು ಎಲ್ಲರೂ ಹೊಗಳಿದರು. ಬೀದಿಯಲ್ಲಿ ಜನ ನಿಲ್ಲಿಸಿ ಮಾತಾಡಿಸುತ್ತಾರೆ, ಆದರೆ ಹೆಸರು ಯಾರಿಗೂ ಗೊತ್ತಿಲ್ಲ. ಮೊನ್ನೆ ಔಷಧಿ ಅಂಗಡಿಯಲ್ಲಿ ಒಬ್ಬರು ಬಹಳ ಹೊತ್ತು ನನ್ನ ಮುಖ ನೋಡಿ, "ನೀವು ನಮ್ಮ ಬ್ಯಾಂಕಲ್ಲಿ ಇದ್ರಲ್ವಾ?" ಎಂದರು. ಹೌದು, ಈಗ ರಿಟೈರಾಗಿದ್ದೇನೆ ಎಂದೆ. ಅವರಿಗೆ ಖುಷಿಯಾಯಿತು.

ನಾನು ಕೆಲಸ ಮಾಡುವ ರೀತಿ ನಿನಗೆ ಗೊತ್ತು. ಮನೆಯಲ್ಲಿ ನೀವೆಲ್ಲ ನನ್ನನ್ನು ಕೋತಿ ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ. ಪಾತ್ರ ಸಿಕ್ಕ ಕೂಡಲೇ ಅದಕ್ಕೆ ತಕ್ಕ ಮನುಷ್ಯನೊಬ್ಬನನ್ನು ಹುಡುಕುತ್ತೇನೆ. ನನ್ನ ನ್ಯಾಯಾಧೀಶರು ಕಿವಿ ಎಳೆದುಕೊಳ್ಳುವುದು ಅಪ್ಪನಿಂದ ಬಂದದ್ದು. ಡಾಕ್ಟರ ಕೆಮ್ಮು ನಮ್ಮ ಮನೆ ಮಾಲೀಕರದು. ಹೆಣ ಮಾತ್ರ ನನ್ನ ಸ್ವಂತದ್ದು.

ಈಗ ವಿಷಯಕ್ಕೆ ಬರುತ್ತೇನೆ. ಮೊದಲ ಸಲ ಸಿನಿಮಾ ಪೂರ್ತಿ ನಾನೇ ಇರುವ ಪಾತ್ರವೊಂದು ಬಂದಿದೆ. ಏಳು ಅಂತಸ್ತಿನ ಹಳೆಯ ಕಟ್ಟಡ, ಲಿಫ್ಟ್ ಕೆಟ್ಟು ಎಷ್ಟೋ ಕಾಲವಾಗಿದೆ. ಅಲ್ಲಿನ ಕಾವಲುಗಾರ ಹೆಂಡತಿ ತೀರಿಕೊಂಡ ಒಂಟಿ ಮುದುಕ. ದಿನವಿಡೀ ಎಲ್ಲರ ಸಾಮಾನು ಹೊತ್ತು ಮೆಟ್ಟಿಲು ಹತ್ತುತ್ತಾನೆ, ಇಳಿಯುತ್ತಾನೆ. ಮಾತು ಕಡಿಮೆ, ನಡಿಗೆಯೇ ಕಥೆ. ಡೈರೆಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನನ್ನ ಆ ಹಳೆಯ ಕುಂಟ ದಲ್ಲಾಳಿಯ ಪಾತ್ರವನ್ನು ಶಾಲೆಗೆ ಹೋಗುವ ಕಾಲದಲ್ಲಿ ನೋಡಿದ್ದಳಂತೆ. "ಆ ನಡಿಗೆನೇ ಬೇಕು ಸಾರ್, ಆದ್ರೆ ಈ ಸಲ ಯಾರೂ ನಗಬಾರದು" ಎಂದಳು.

ಆ ನಡಿಗೆ ಯಾರದು ಎಂದು ಅವಳಿಗೆ ಗೊತ್ತಿಲ್ಲ. ಇಪ್ಪತ್ತಾರು ವರ್ಷದ ಹಿಂದೆ ನಿನ್ನನ್ನು ಒಂದು ಮಾತೂ ಕೇಳದೆ ಅದನ್ನು ತೆಗೆದುಕೊಂಡೆ. ಜನ ಬಿದ್ದು ಬಿದ್ದು ನಕ್ಕರು, ನನಗೆ ಅನ್ನದ ದಾರಿಯಾಯಿತು, ನೀನು ನನ್ನ ಜೊತೆ ಮಾತು ಬಿಟ್ಟೆ. ಈ ಸಲ ಕೇಳುತ್ತಿದ್ದೇನೆ. ನೀನು ಆಗಲಿ ಎಂದರೆ ಮಾಡುತ್ತೇನೆ, ಬೇಡ ಎಂದರೆ ಬಿಡುತ್ತೇನೆ. ಏಪ್ರಿಲ್ ಮುಗಿಯುವುದರೊಳಗೆ ಅವಳಿಗೆ ಹೇಳಬೇಕು.

ಅತ್ತಿಗೆಗೆ ನಾನು ಕೇಳಿದೆ ಎಂದು ಹೇಳು.

ನಿನ್ನ ತಮ್ಮ


ಫೆಬ್ರವರಿ 2

ತಮ್ಮನಿಗೆ,

ಪತ್ರ ತಲುಪಿತು.

ನಾನು ನಲವತ್ತು ವರ್ಷದಿಂದ ಈ ಅಂಗಡಿಯಲ್ಲಿ ಜನರ ಅಳತೆ ತೆಗೆಯುತ್ತಿದ್ದೇನೆ. ಟೇಪು ಕೈಯಲ್ಲಿದ್ದರೂ, "ಸ್ವಲ್ಪ ಕೈ ಎತ್ತಿ" ಎಂದು ಕೇಳದೆ ಯಾರ ಮೈಯನ್ನೂ ಮುಟ್ಟಿದವನಲ್ಲ. ನೀನು ಈಗ ಕೇಳುತ್ತಿದ್ದೀಯ. ಬಟ್ಟೆ ಕತ್ತರಿಸಿ, ಹೊಲಿದು, ಹಾಕಿಕೊಂಡು ಊರೆಲ್ಲ ಸುತ್ತಿ ಬಂದ ಮೇಲೆ ಅಳತೆ ಕೇಳಿದ ಹಾಗಾಯಿತು.

ನನ್ನ ಒಪ್ಪಿಗೆ ಇಲ್ಲ.

ಇನ್ನೊಂದು ವಿಷಯ. ನನ್ನದು ಎಡಗಾಲು. ಸಿನಿಮಾದಲ್ಲಿ ನೀನು ಕುಂಟಿದ್ದು ಬಲಗಾಲು.

ಶಾಲೆಯ ಸಮವಸ್ತ್ರಗಳ ಕೆಲಸ ತುಂಬಾ ಇದೆ. ಇಲ್ಲಿಗೆ ನಿಲ್ಲಿಸುತ್ತೇನೆ.

ಅಣ್ಣ


ಫೆಬ್ರವರಿ 20

ಅಣ್ಣನಿಗೆ,

ಎಡಗಾಲು ಎಂದು ನೀನು ಬರೆದ ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ನೀನು ತಪ್ಪು ಹೇಳುತ್ತಿದ್ದೀಯ ಎಂದುಕೊಂಡೆ. ಆ ಸಿನಿಮಾವನ್ನು ಹುಡುಕಿ ತರಿಸಿ ನೋಡಿದೆ. ಬಲಗಾಲೇ. ಒಂದು ದೃಶ್ಯದಲ್ಲೂ ಎಡಗಾಲಲ್ಲ.

ನಿನ್ನ ಎಡಗಾಲು ಗಿಡ್ಡ ಎಂದು ನನಗೆ ಗೊತ್ತಿಲ್ಲದೆ ಇಲ್ಲ. ಯಾರಾದರೂ ಕೇಳಿದ್ದರೆ ಎಡಗಾಲು ಎಂದೇ ಹೇಳುತ್ತಿದ್ದೆ. ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು. ಸಿನಿಮಾಕ್ಕೆ ಬರುವ ಮೊದಲು ಐದು ವರ್ಷ ನಿನ್ನ ಅಂಗಡಿಯಲ್ಲಿ ಕಾಜ ಹಾಕಿ ಗುಂಡಿ ಹೊಲಿಯುತ್ತಿದ್ದೆನಲ್ಲ, ನನ್ನ ಸ್ಟೂಲು ಇದ್ದದ್ದು ಗೋಡೆಯ ಆ ಉದ್ದ ಕನ್ನಡಿಗೆ ಎದುರಾಗಿ. ನೀನು ನನ್ನ ಬೆನ್ನ ಹಿಂದೆ ಓಡಾಡುತ್ತಿದ್ದೆ. ಐದು ವರ್ಷ ನಾನು ನೋಡಿದ್ದು ಕನ್ನಡಿಯಲ್ಲಿನ ಅಣ್ಣನನ್ನು. ಒಂದು ಸಲವೂ ತಿರುಗಿ ನೋಡಲಿಲ್ಲ ಎಂದು ಈಗ ಗೊತ್ತಾಯಿತು. ನಾಚಿಕೆಯಾಗುತ್ತಿದೆ.

ಆ ನಡಿಗೆ ಆಗುವುದಿಲ್ಲ ಎಂದು ಡೈರೆಕ್ಟರಿಗೆ ಫೋನ್ ಮಾಡಿ ಹೇಳಿದೆ. "ಹಾಗಾದ್ರೆ ಬೇರೆ ಯಾವುದಾದ್ರೂ ತಂದು ತೋರ್ಸಿ ಸಾರ್. ಸಿಗದೇ ಹೋದ್ರೆ ಬೇರೆಯವರನ್ನ ನೋಡ್ಬೇಕಾಗುತ್ತೆ, ಬೇಜಾರು ಮಾಡ್ಕೋಬೇಡಿ" ಎಂದಳು. ನ್ಯಾಯವಾದ ಮಾತು. ಒಂದು ವಾರ ಬಸ್ ನಿಲ್ದಾಣದಲ್ಲಿ, ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕೂತು ಕಾಲುಗಳನ್ನೇ ನೋಡಿದೆ. ಏಳನೇ ದಿನ ಮಂಡಿ ಹಿಡಿದುಕೊಂಡು ಬರುತ್ತಿದ್ದ ಒಬ್ಬ ಹೆಂಗಸು ನನ್ನ ಮುಂದೆ ನಿಂತು, "ಏನು ನೋಡ್ತಿದೀರಾ?" ಎಂದಳು. ಎದ್ದು ಮನೆಗೆ ಬಂದೆ.

ನಿನ್ನನ್ನೂ ಹಾಗೆಯೇ ನೋಡಿದ್ದೆ. ನೀನು ಮಾತ್ರ ಕೇಳಲಿಲ್ಲ. ತಪ್ಪಾಯಿತು ಅಣ್ಣ. ಇಪ್ಪತ್ತಾರು ವರ್ಷ ತಡವಾಗಿ ಹೇಳುತ್ತಿದ್ದೇನೆ.

ನಿನ್ನ ತಮ್ಮ


ಮಾರ್ಚ್ 11

ಪ್ರೀತಿಯ ಮೈದುನನಿಗೆ,

ನಾನು ಬರೆಯುತ್ತಿರುವುದು ನಿಮ್ಮಣ್ಣನಿಗೆ ಗೊತ್ತಿಲ್ಲ. ಅವರು ಅಂಗಡಿಯಲ್ಲಿದ್ದಾರೆ. ಅನ್ನ ಬೇಯುವುದರೊಳಗೆ ಬರೆದು ಮುಗಿಸಬೇಕು.

ನಿನ್ನ ಪತ್ರ ಓದಿ, ಮಡಚಿ ಜೇಬಿಗೆ ಹಾಕಿಕೊಂಡು ಅಂಗಡಿಗೆ ಹೋದರು. ಮಧ್ಯಾಹ್ನ ಊಟಕ್ಕೆ ಕರೆಯಲು ಹೋದರೆ, ಕನ್ನಡಿಯ ಮುಂದೆ ಆ ಕಡೆಯಿಂದ ಈ ಕಡೆಗೆ ನಡೆದು ನೋಡಿಕೊಳ್ಳುತ್ತಿದ್ದರು. ನನ್ನನ್ನು ಕಂಡು, ಬಿದ್ದ ಸೂಜಿ ಹುಡುಕುವವರ ಹಾಗೆ ನೆಲ ನೋಡಿದರು. ಆಮೇಲೆ, "ಹೌದು ಕಣೇ, ಕನ್ನಡಿಲಿ ಬಲಗಾಲೇ ಕಾಣುತ್ತೆ" ಎಂದು ನಕ್ಕರು. ನಿನ್ನ ವಿಷಯಕ್ಕೆ ಅವರು ನಕ್ಕು ಎಷ್ಟು ಕಾಲವಾಗಿತ್ತೋ.

ಅವರು ನಿನಗೆ ಒಂದು ವಿಷಯ ಹೇಳಿಲ್ಲ. ಹೇಳುವುದೂ ಇಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ. ಆರು ವರ್ಷದವರಿದ್ದಾಗ ಜ್ವರ ಬಂದು ಸೊಂಟದ ಕೀಲಿಗೆ ಇಳಿದಿತ್ತಲ್ಲ, ಆ ಕೀಲು ಈಗ ಪೂರ್ತಿ ಸವೆದಿದೆ. ಅದನ್ನು ತೆಗೆದು ಹೊಸದು ಕೂರಿಸುತ್ತಾರೆ. ಮೇ ಇಪ್ಪತ್ತಕ್ಕೆ ಆಪರೇಷನ್. ಕಾಲಿನ ಉದ್ದವೂ ಸಮವಾಗುತ್ತದಂತೆ. "ಎಲ್ರ ಹಾಗೆ ನೇರವಾಗಿ ನಡೀತೀರಿ" ಎಂದರು ಡಾಕ್ಟರು. ನನಗೆ ಅಲ್ಲೇ ಅಳು ಬಂತು, ಅಷ್ಟು ಸಂತೋಷ. ಇವರು ಮನೆಗೆ ಬಂದವರೇ ಅಲಮಾರಿ ತೆಗೆದು ತಮ್ಮ ಪ್ಯಾಂಟುಗಳನ್ನು ನೋಡುತ್ತಾ ನಿಂತರು. ಅವರು ಹೊಲಿದುಕೊಳ್ಳುವ ಪ್ಯಾಂಟುಗಳ ಎಡಗಾಲು ಮುಕ್ಕಾಲು ಇಂಚು ಗಿಡ್ಡ, ನಿನಗೆ ಗೊತ್ತಲ್ಲ. "ಇವನ್ನೆಲ್ಲ ಬಿಚ್ಬೇಕು" ಎಂದರು.

ಅವರಿಗೆ ನೋವಿನ ಹೆದರಿಕೆ ಇಲ್ಲ. ಐವತ್ತೆಂಟು ವರ್ಷ ಒಂದು ರೀತಿ ನಡೆದವರು. ಅದು ಹೋದರೆ ಅದರ ಜೊತೆ ಇನ್ನೇನು ಹೋಗುತ್ತದೋ ಎಂದು ಅವರಿಗೇ ತಿಳಿಯುತ್ತಿಲ್ಲ. ನೀನು ಬಾ ಎಂದು ನಾನು ಹೇಳುವುದಿಲ್ಲ, ಬರಬೇಡ ಎಂದೂ ಹೇಳುವುದಿಲ್ಲ. ನಿಮ್ಮಿಬ್ಬರ ನಡುವೆ ಅಡಕತ್ತರಿಯಲ್ಲಿ ಸಿಕ್ಕಿಕೊಂಡು ನನಗೂ ಸಾಕಾಗಿದೆ.

ಅನ್ನ ಉಕ್ಕುತ್ತಿದೆ.

ಅತ್ತಿಗೆ


ಮಾರ್ಚ್ 19

ಅಣ್ಣನಿಗೆ,

ಆಪರೇಷನ್ ವಿಷಯ ಗೊತ್ತಾಯಿತು. ಯಾರು ಹೇಳಿದರು ಎಂದು ಕೇಳಬೇಡ, ಹೇಳಿದವರನ್ನು ಬೈಯಬೇಡ.

ಮೇ ಇಪ್ಪತ್ತನೇ ತಾರೀಖು ನಾನು ಆಸ್ಪತ್ರೆಯಲ್ಲಿರುತ್ತೇನೆ. ನೀನು ಬೇಡ ಎಂದರೂ ಇರುತ್ತೇನೆ. ಅದಕ್ಕೆ ಮೊದಲು ಮಾತ್ರ ಬರುವುದಿಲ್ಲ. ಬಂದರೆ ನಿನ್ನ ನಡಿಗೆ ನೋಡುತ್ತೇನೆ. ತಮ್ಮನಾಗಿ ಮಾತ್ರ ನೋಡುತ್ತೇನೆ, ನಟನಾಗಿ ಅಲ್ಲ ಎಂದು ಮಾತು ಕೊಡಲು ಕೂತೆ. ಬರೆಯಲು ಕೈ ಬರಲಿಲ್ಲ. ನನ್ನ ಕಣ್ಣು ನನ್ನ ಮಾತು ಕೇಳುವುದಿಲ್ಲ. ಅಮ್ಮನನ್ನು ಮಲಗಿಸಿದ್ದ ಕೋಣೆಯಲ್ಲಿ ನೀನು ಕನ್ನಡಕ ತೆಗೆದು, ಗಾಜು ಒರೆಸುವ ಬದಲು ಅದರ ಕಡ್ಡಿಯನ್ನು ಒರೆಸುತ್ತಾ ನಿಂತಿದ್ದೆ. ಅದನ್ನೂ ನೋಡಿದೆ. ಆಮೇಲೆ ಎರಡು ಸಿನಿಮಾದಲ್ಲಿ ಹಾಗೆಯೇ ಒರೆಸಿದೆ. ಒಂದಕ್ಕೆ ಬಹುಮಾನವೂ ಬಂತು. ಇದನ್ನು ಮುಚ್ಚಿಟ್ಟುಕೊಂಡು ನಿನ್ನ ಕ್ಷಮೆ ಕೇಳಿದರೆ ಅದಕ್ಕೆ ಅರ್ಥವಿಲ್ಲ.

ಆದ್ದರಿಂದ ನಿನ್ನ ಆ ನಡಿಗೆ ಹೋದ ಮೇಲೆ ಬರುತ್ತೇನೆ. ಆಗ ನಾನು ಕದಿಯುವಂಥದ್ದು ಏನೂ ಇರುವುದಿಲ್ಲ, ನೀನೂ ನೆಮ್ಮದಿಯಾಗಿ ಮಲಗಿರಬಹುದು. ಪಾತ್ರದ ಆಸೆ ಬಿಟ್ಟಿದ್ದೇನೆ. ಬಿಟ್ಟಿದ್ದೇನೆ ಎಂದು ಬರೆಯುವುದು ಸುಲಭ, ಬಿಡುವುದು ಅಷ್ಟು ಸುಲಭವಲ್ಲ. ಮೂವತ್ತು ವರ್ಷದಲ್ಲಿ ಒಂದೇ ಒಂದು ಸಲ ಬಂದದ್ದು. ಆದರೂ ನೀನು ಬೇಡ ಎಂದದ್ದು ಬೇಡ.

ನಿನ್ನ ತಮ್ಮ


ಏಪ್ರಿಲ್ 10

ಕೋತಿಗೆ,

ನಿನ್ನ ಅತ್ತಿಗೆಯನ್ನು ಬೈಯಲಿಲ್ಲ. ಬೈದರೆ ನನಗೆ ಊಟ ಹಾಕುವವರು ಯಾರು?

ಕನ್ನಡಕದ ವಿಷಯ ಓದಿ ಸಿಟ್ಟು ಬಂತು. ಒಂದು ವಾರ ಬಿಟ್ಟು ಮತ್ತೆ ಓದಿದೆ. ಕಳ್ಳ ತಾನಾಗಿ ಬಂದು ಯಾರಿಗೂ ಗೊತ್ತಿಲ್ಲದ ಇನ್ನೊಂದು ಕಳವನ್ನೂ ಒಪ್ಪಿಕೊಂಡರೆ ಅವನನ್ನು ಏನು ಮಾಡುವುದು, ನೀನೇ ಹೇಳು. ನ್ಯಾಯಾಧೀಶನಾಗಿದ್ದವನು.

ಆ ದಲ್ಲಾಳಿಯ ಸಿನಿಮಾ ಬಂದ ದಿನದ ವಿಷಯ ನಿನಗೆ ಯಾವತ್ತೂ ಹೇಳಿಲ್ಲ. ಅಂಗಡಿಗೆ ಬೀಗ ಹಾಕಿ, ಬೀದಿಯ ಹದಿನಾಲ್ಕು ಜನರನ್ನು ಕರೆದುಕೊಂಡು ಹೋಗಿದ್ದೆ. ದಾರಿಯುದ್ದಕ್ಕೂ ನನ್ನ ತಮ್ಮ, ನನ್ನ ತಮ್ಮ ಎಂದು ಹೇಳಿಕೊಂಡೇ ಹೋದೆ. ನೀನು ತೆರೆಯ ಮೇಲೆ ಬಂದು ನಾಲ್ಕು ಹೆಜ್ಜೆ ಹಾಕಿದೆ, ಚಿತ್ರಮಂದಿರ ಪೂರ್ತಿ ನಕ್ಕಿತು. ನಮ್ಮ ಸಾಲಿನವರೂ ಮೊದಲು ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ನಿಲ್ಲಿಸಿದರು. ಅವರು ನಕ್ಕದ್ದಕ್ಕಿಂತ ನಿಲ್ಲಿಸಿದ್ದು ಕಷ್ಟವಾಯಿತು. ಎದ್ದು ಹೊರಗೆ ಹೋಗಿಬಿಡೋಣ ಎನ್ನಿಸಿತು. ಎದ್ದರೆ ನಡೆಯಬೇಕಲ್ಲ. ಹಾಗಾಗಿ ಕೊನೆಯವರೆಗೂ ಕೂತೆ, ಎಲ್ಲರೂ ಹೋದ ಮೇಲೂ ಕೂತೆ. ಕಸ ಗುಡಿಸುವವಳು ಬಂದು "ಮುಗೀತು ಸಾರ್" ಎಂದಳು. ನೀನು ಜನರನ್ನು ನಗಿಸಿದೆ ಎಂದು ನನಗೆ ಸಿಟ್ಟಲ್ಲ. ನಿನಗೆ ಕಾಜ ಹಾಕುವುದನ್ನು ಕಲಿಸಿದೆ, ಜ್ವರ ಬಂದಾಗ ಹೊತ್ತುಕೊಂಡು ಡಾಕ್ಟರ ಹತ್ತಿರ ಓಡಿದೆ. ಐದು ವರ್ಷ ಹತ್ತಿರ ಕೂತವನಿಗೆ ನನ್ನಲ್ಲಿ ಕಂಡದ್ದು ಅದೊಂದೇನಾ ಎಂದು.

ಅದನ್ನೂ ತಪ್ಪಾಗಿ ನೋಡಿದೆ. ಯಾವ ಕಾಲು ಎಂಬುದು ಹಾಗಿರಲಿ. ನೀನು ಪಾದ ಎಳೆದೆ. ನನಗೆ ಪಾದದಲ್ಲಿ ಏನೂ ಆಗಿಲ್ಲ, ಆಗಿರುವುದು ಸೊಂಟದಲ್ಲಿ. ಎಡಗಾಲಿನ ಮೇಲೆ ಭಾರ ಬಿದ್ದಾಗ ಮೈ ಎಡಕ್ಕೆ ವಾಲುತ್ತದೆ. ಅದಕ್ಕೇ ನಾನು ಎಡಗೈಯಲ್ಲಿ ಯಾವಾಗಲೂ ಒಂದು ಬಟ್ಟೆಯ ಗಂಟು ಹಿಡಿದಿರುತ್ತೇನೆ, ಗಂಟಿನ ಭಾರಕ್ಕೆ ವಾಲಿದ್ದಾನೆ ಎಂದು ನೋಡಿದವರು ತಿಳಿಯಲಿ ಎಂದು. ಮೆಟ್ಟಿಲು ಹತ್ತುವಾಗ ಬಲಗಾಲು ಮೊದಲು, ಇಳಿಯುವಾಗ ಎಡಗಾಲು ಮೊದಲು. ಯಾರಾದರೂ ಎದುರಿಗೆ ಬಂದರೆ ನಿಂತು ಜೇಬಿನಲ್ಲಿ ಏನೋ ಹುಡುಕುತ್ತೇನೆ, ಅವರು ದಾಟಿ ಹೋಗುವವರೆಗೆ. ಕುಂಟುವವನು ಕುಂಟುವುದಕ್ಕೆ ಪ್ರಯತ್ನ ಮಾಡುವುದಿಲ್ಲ. ನೇರವಾಗಿ ನಡೆಯುವುದಕ್ಕೆ ಪ್ರಯತ್ನ ಮಾಡುತ್ತಾನೆ. ನೀನು ಅದನ್ನು ಬಿಟ್ಟುಬಿಟ್ಟೆ, ಜನ ನಕ್ಕರು.

ಬರೆದು ತಿಳಿಸುವಂಥದ್ದಲ್ಲ ಇದು. ಮೇ ಮೊದಲ ವಾರ ಬಾ. ನಾಲ್ಕು ದಿನ ಅಂಗಡಿ ಮುಚ್ಚುತ್ತೇನೆ, ಕನ್ನಡಿಗೆ ಬಟ್ಟೆ ಹೊದಿಸಿರುತ್ತೇನೆ. ನನ್ನನ್ನೇ ನೋಡು. ಎಷ್ಟು ಸಲ ಬೇಕೋ ಅಷ್ಟು ಸಲ ನಡೆದು ತೋರಿಸುತ್ತೇನೆ. ಇಪ್ಪತ್ತನೇ ತಾರೀಖಿನ ಮೇಲೆ ಅದು ನನ್ನ ಹತ್ತಿರವೂ ಇರುವುದಿಲ್ಲ, ಯಾರ ಹತ್ತಿರವಾದರೂ ಇರಲಿ ಎನ್ನಿಸಿದೆ. ಆ ಹುಡುಗಿಗೆ ಮಾಡುತ್ತೇನೆ ಎಂದು ಹೇಳು.

ನಿನ್ನ ಸೊಂಟದ ಅಳತೆ, ಕಾಲಿನ ಉದ್ದ ಬರೆದು ಕಳಿಸು. ನಿಜವಾದ ಅಳತೆ ಬರೆ, ಹೊಟ್ಟೆ ಒಳಗೆಳೆದುಕೊಂಡು ಅಲ್ಲ. ಒಂದು ಪ್ಯಾಂಟು ಹೊಲಿದಿಡುತ್ತೇನೆ, ಎಡಗಾಲು ಮುಕ್ಕಾಲು ಇಂಚು ಗಿಡ್ಡ. ಬಲಗಾಲಿನ ಬೂಟಿನೊಳಗೆ ಅಷ್ಟೇ ದಪ್ಪದ ಅಟ್ಟೆ ಹಾಕಿಸಿಕೊಂಡು ಬಾ.

ಅಣ್ಣ


ಜುಲೈ 3

ಅಣ್ಣನಿಗೆ,

ಆಸ್ಪತ್ರೆಯಿಂದ ನೇರವಾಗಿ ಶೂಟಿಂಗಿಗೆ ಹೋದವನು ನಿನ್ನೆ ಮನೆಗೆ ಬಂದೆ. ನೀನು ಕೋಲು ಬಿಟ್ಟಿದ್ದೀಯ ಎಂದು ಅತ್ತಿಗೆ ಫೋನಿನಲ್ಲಿ ಹೇಳಿದರು. ಫೋನು ನಿನ್ನ ಕೈಗೆ ಕೊಡಿ ಎನ್ನಲು ಧೈರ್ಯ ಬರಲಿಲ್ಲ. ನಾವಿಬ್ಬರೂ ಪತ್ರದಲ್ಲೇ ಸರಿ.

ಮೊದಲ ದಿನ, ಮೇ ತಿಂಗಳ ಆ ನಾಲ್ಕು ದಿನ ನೀನು ತೋರಿಸಿದ ಹಾಗೆ, ನಾನು ಎರಡು ಮಹಡಿ ಇಳಿದು ಬಂದೆ. ಡೈರೆಕ್ಟರ್ ನೋಡಿ, "ಇದು ಆ ನಡಿಗೆ ಅಲ್ವಲ್ಲ ಸಾರ್" ಎಂದಳು. ಅಲ್ಲಮ್ಮ, ಅದು ತಪ್ಪು, ಇದು ಸರಿಯಾದದ್ದು ಎಂದೆ. ಹಾಗಾದರೆ ಇನ್ನೊಂದು ಸಲ ಇಳಿಯಿರಿ ಎಂದಳು. ಒಟ್ಟು ಮೂವತ್ತೊಂದು ದಿನ ಇಳಿದೆ. ನನ್ನನ್ನು ಹೊಸದಾಗಿ ನೋಡಿದ ಮೇಕಪ್ಪಿನ ಹೆಂಗಸು ಎರಡನೇ ದಿನ ಕುರ್ಚಿ ತಂದಿಟ್ಟು, "ಎಷ್ಟು ವರ್ಷದಿಂದ ಹೀಗಾಗಿದೆ ಸಾರ್?" ಎಂದು ಮೆಲ್ಲಗೆ ಕೇಳಿದಳು. ಐವತ್ತೆಂಟು ಎಂದೆ. ಬಾಯಿಗೆ ಬಂದುಬಿಟ್ಟಿತು.

ಯಾವ ಪಾತ್ರವನ್ನಾದರೂ ನಾನು ಬಟ್ಟೆ ಬಿಚ್ಚಿದ ಹಾಗೆ ಬಿಚ್ಚಿಟ್ಟು ಮನೆಗೆ ಬರುವವನು. ಈ ಸಲ ಮನೆಯೊಳಗೂ ಎಡಕ್ಕೇ ವಾಲುತ್ತಿದ್ದೇನೆ. ಬಿಡಿಸಿಕೊಳ್ಳಲು ಆತುರವಿಲ್ಲ.

ಸಿನಿಮಾ ಬಂದಾಗ ನೋಡು ಎಂದು ಕೇಳುವ ಹಕ್ಕು ನನಗಿಲ್ಲ. ಕೇಳುತ್ತಿದ್ದೇನೆ ಅಷ್ಟೆ.

ನಿನ್ನ ತಮ್ಮ


ಫೆಬ್ರವರಿ 22

ತಮ್ಮನಿಗೆ,

ನಿನ್ನ ಮೊದಲ ಪತ್ರ ಬಂದು ವರ್ಷ ದಾಟಿತು. ಇಷ್ಟು ದಿನ ಬರೆಯದಿದ್ದದ್ದು ಸಿಟ್ಟಿನಿಂದಲ್ಲ. ಹೊಸ ಕಾಲಿನ ಜೊತೆ ಹೊಂದಿಕೊಳ್ಳುವುದರಲ್ಲೇ ಇದ್ದೆ.

ನಡಿಗೆ ನೇರವಾಗಿದೆ. ನೋವಿಲ್ಲ. ಎದುರು ಅಂಗಡಿಯವನು ಒಂದು ದಿನ ಹಿಂದಿನಿಂದ ನನ್ನನ್ನು ನೋಡಿ ಯಾರೋ ಗಿರಾಕಿ ಎಂದುಕೊಂಡು, "ಟೈಲರ್ ಬರ್ತಾರೆ, ಸ್ವಲ್ಪ ಕೂತಿರಿ" ಎಂದ. ನಾನೂ ಎರಡು ನಿಮಿಷ ಕೂತೆ. ಪ್ಯಾಂಟುಗಳನ್ನೆಲ್ಲ ಬಿಚ್ಚಿ ಸಮ ಮಾಡಿದ್ದಾಯಿತು. ಒಳಗೆ ಮಡಚಿದ್ದ ಮುಕ್ಕಾಲು ಇಂಚಿನ ಬಟ್ಟೆ ಹೊಸದರ ಹಾಗೆ ಇದೆ, ಮಿಕ್ಕದ್ದು ಮಾಸಿದೆ. ಎಡಗಾಲಿನ ಕೆಳಗೆ ಒಂದು ಗೆರೆ ಕಾಣುತ್ತದೆ. ಕಂಡರೆ ಕಾಣಲಿ.

ನಿನ್ನೆ ಮಧ್ಯಾಹ್ನದ ಆಟಕ್ಕೆ ಹೋಗಿದ್ದೆವು. ಈ ಸಲ ಬೀದಿಯವರನ್ನು ಕರೆಯಲಿಲ್ಲ, ನಾನು ಮತ್ತು ನಿನ್ನ ಅತ್ತಿಗೆ ಮಾತ್ರ. ನೀನು ಬಂದೆ, ನಡೆದೆ. ಯಾರೂ ನಗಲಿಲ್ಲ. ಎಡಗೈಯಲ್ಲಿ ಗಂಟು ಹಿಡಿದಿದ್ದೆ. ಎದುರಿಗೆ ಜನ ಬಂದಾಗ ನಿಂತು ಜೇಬು ತಡಕಿದೆ. ನಾನು ನನ್ನನ್ನೇ ಹಿಂದಿನಿಂದ ನೋಡಿದ್ದು ಜೀವನದಲ್ಲಿ ಅದೇ ಮೊದಲು. ಇಷ್ಟು ಕಷ್ಟಪಟ್ಟು ನಡೆಯುತ್ತಿದ್ದೆನಾ ಎನ್ನಿಸಿತು. ಅವನ ಮೇಲೆ, ಅಂದರೆ ನನ್ನ ಮೇಲೆ, ಪ್ರೀತಿ ಬಂತು. ಮೊದಲು ಬಂದಿರಲಿಲ್ಲ.

ಕೊನೆಯಲ್ಲಿ ನೀನು ಏಳು ಮಹಡಿಯನ್ನೂ ಇಳಿಯುವ ಜಾಗದ ವಿಷಯ ಹೇಳಬೇಕು. ಪ್ರತಿ ಮಹಡಿಯ ಕೊನೆಯ ಮೆಟ್ಟಿಲಿಗೆ ಬಂದಾಗ ನಿನ್ನ ಬಲ ಮೊಣಕೈ ಮೈಯಿಂದ ಒಂದಿಷ್ಟು ಪಕ್ಕಕ್ಕೆ ಸರಿಯುತ್ತದೆ, ಯಾರೋ ಬಂದು ಹಿಡಿಯಲಿ ಎಂಬ ಹಾಗೆ. ಹಿಡಿಯುವವರು ಇಲ್ಲ. ಮತ್ತೆ ಒಳಕ್ಕೆ ತಂದುಕೊಂಡು ಇಳಿಯುತ್ತೀಯ. ನಾನು ಅದನ್ನು ನಿನಗೆ ಬರೆದಿರಲಿಲ್ಲ, ತೋರಿಸಿಯೂ ಇರಲಿಲ್ಲ. ನಾನು ಹಾಗೆ ಮಾಡುತ್ತೇನೆ ಎಂದು ನನಗೇ ಗೊತ್ತಿರಲಿಲ್ಲ. ಮೇ ತಿಂಗಳಲ್ಲಿ ಮನೆಯ ಮೆಟ್ಟಿಲ ಹತ್ತಿರ ನನ್ನನ್ನೂ ನಿನ್ನ ಅತ್ತಿಗೆಯನ್ನೂ ನೋಡಿರಬೇಕು ನೀನು. ಇದೊಂದನ್ನು ಮಾತ್ರ ಕೇಳದೆ ತೆಗೆದುಕೊಂಡಿದ್ದೀಯ. ಇರಲಿ, ಇಟ್ಟುಕೋ.

ಮೂರನೇ ಮಹಡಿಯ ಹತ್ತಿರ ನಿನ್ನ ಮೊಣಕೈ ಹಾಗೆ ಸರಿದಾಗ, ಪಕ್ಕದಲ್ಲಿ ಕೂತಿದ್ದ ನಿನ್ನ ಅತ್ತಿಗೆಯ ಕೈ ತೊಡೆಯ ಮೇಲಿಂದ ಎದ್ದು ಮುಂದಕ್ಕೆ ಹೋಯಿತು. ಅವಳಿಗೆ ಅದರ ಅರಿವೇ ಇರಲಿಲ್ಲ, ಕಣ್ಣು ತೆರೆಯ ಮೇಲೆಯೇ ಇತ್ತು. ನನ್ನ ಕಾಲು ಸರಿಹೋದ ಮೇಲೆ ಅವಳು ಮೆಟ್ಟಿಲಲ್ಲಿ ನನ್ನನ್ನು ಹಿಡಿಯುವುದು ಬಿಟ್ಟಿದ್ದಳು. ಬಿಟ್ಟಿದ್ದಾಳೆ ಎಂದು ನಾನು ಗಮನಿಸಿಯೂ ಇರಲಿಲ್ಲ. ಆ ಕೈ ಹಾಗೇ ಗಾಳಿಯಲ್ಲಿ ನಿಂತಿತ್ತು. ನಾನು ಹಿಡಿದುಕೊಂಡೆ. ಹೊರಗೆ ಬರುವಾಗ ಚಿತ್ರಮಂದಿರಕ್ಕೆ ಹನ್ನೆರಡು ಮೆಟ್ಟಿಲು. ನನಗೆ ಆಸರೆ ಬೇಕಿರಲಿಲ್ಲ, ಆದರೂ ಹಿಡಿದುಕೊಂಡೇ ಇಳಿದೆವು.

ನಿನ್ನ ಅಣ್ಣ